ಜಮೀನಿನ ಬೆಲೆ ಏರಿದ್ದನ್ನು ಊರಿನ ಲಾಭ ಎಂದು ಬರೆಯಬೇಡಿ: ನಗರ ನವೀಕರಣಕ್ಕೆ ಹಣ ಮಂಜೂರು ಮಾಡುವವರಿಗೆ ಬಹಿರಂಗ ಪತ್ರ

ಮಾನ್ಯ ಮಹಾಪೌರರೇ, ಆಯುಕ್ತರೇ, ನಗರಸಭೆ ಮತ್ತು ಪಾಲಿಕೆಗಳ ಸದಸ್ಯರೇ,

ಈ ಪತ್ರ ಯಾವುದೋ ಒಂದು ನಗರದ ವಿಳಾಸಕ್ಕೆ ಬರೆದದ್ದಲ್ಲ. ಸೊರಗಿದ ಹಳೆಪೇಟೆಗೆ, ಬಾಗಿಲು ಹಾಕಿದ ಕಾರ್ಖಾನೆಯ ಅಂಗಳಕ್ಕೆ, ನಾರುವ ನದೀದಂಡೆಗೆ ಮತ್ತೆ ಜೀವ ತುಂಬುತ್ತೇವೆ ಎಂದು ಜನರ ತೆರಿಗೆ ಹಣ ಮಂಜೂರು ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೆಲ್ಲರೂ ಇದನ್ನು ತಮಗೇ ಬಂದ ಪತ್ರ ಎಂದು ಓದಬೇಕಾಗಿ ವಿನಂತಿ.

ನಾನು ಇಂಥ ಯೋಜನೆಗಳ ವಿರೋಧಿಯಲ್ಲ. ಕಾರ್ಖಾನೆ ಮುಚ್ಚಿ, ಬಂದರು ಬೇರೆಡೆಗೆ ಹೋಗಿ, ಒಂದು ಬಡಾವಣೆ ಬಿಕೋ ಎನ್ನತೊಡಗಿದರೆ ಅಲ್ಲಿಗೆ ಮೊದಲು ದುಡ್ಡು ಹಾಕಲು ಖಾಸಗಿಯವರು ಯಾರೂ ಮುಂದೆ ಬರುವುದಿಲ್ಲ. ಒಬ್ಬ ತನ್ನ ಕಟ್ಟಡ ರಿಪೇರಿ ಮಾಡಿಸಿದರೂ ಅಕ್ಕಪಕ್ಕದ ನಾಲ್ಕು ಕಟ್ಟಡ ಪಾಳು ಬಿದ್ದಿದ್ದರೆ ಅವನಿಗೆ ಬಾಡಿಗೆ ಹುಟ್ಟುವುದಿಲ್ಲ. ಹೀಗೆ ಒಬ್ಬರು ಇನ್ನೊಬ್ಬರ ದಾರಿ ನೋಡುತ್ತ ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಒಳಚರಂಡಿ, ಬೀದಿದೀಪ, ಮಣ್ಣಿನಲ್ಲಿ ಇಂಗಿದ ವಿಷ ತೆಗೆಯುವ ಕೆಲಸ, ಇವನ್ನು ಸರ್ಕಾರವಲ್ಲದೆ ಇನ್ಯಾರು ಮಾಡಬೇಕು?

ನನ್ನ ತಕರಾರು ಇರುವುದು ನೀವು ಬರೆಯುವ ಲೆಕ್ಕದ ಬಗ್ಗೆ.

ಯೋಜನಾ ವರದಿಗಳನ್ನು ಕೊನೆಯ ಪುಟದಿಂದ ಓದುವುದು ನನ್ನ ಅಭ್ಯಾಸ. ಮೊದಲ ಪುಟಗಳಲ್ಲಿ ಹಸಿರು ಮರ, ಗಾಳಿಪಟ ಹಿಡಿದ ಮಗು, ಬೆಂಚಿನ ಮೇಲೆ ಕೂತ ಹಿರಿಯರ ಬಣ್ಣದ ಚಿತ್ರಗಳಿರುತ್ತವೆ. ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ‘ಆರ್ಥಿಕ ಪ್ರಯೋಜನಗಳು’ ಎಂಬ ಕೋಷ್ಟಕ ಇರುತ್ತದೆ. ನೀವು ಸಹಿ ಹಾಕುವುದು ಆ ಚಿತ್ರ ನೋಡಿ, ಜನ ದುಡ್ಡು ಕಟ್ಟುವುದು ಈ ಕೋಷ್ಟಕಕ್ಕೆ. ಅದರ ಒಂದೇ ಒಂದು ಸಾಲನ್ನು ನೋಡಿ: ‘ಉದ್ಯೋಗ ಸೃಷ್ಟಿ: 1,20,000 ಮಾನವ ದಿನ’. ಕೇಳಿದವರಿಗೆ ಲಕ್ಷ ಜನಕ್ಕೆ ಕೆಲಸ ಸಿಕ್ಕಿತು ಅನ್ನಿಸುತ್ತದೆ. ಆದರೆ ಒಂದು ಮಾನವ ದಿನ ಎಂದರೆ ಒಬ್ಬರ ಒಂದು ದಿನದ ಕೆಲಸ ಅಷ್ಟೆ. ವರ್ಷಕ್ಕೆ 300 ದಿನದಂತೆ ಎರಡು ವರ್ಷಕ್ಕೆ ಭಾಗಿಸಿದರೆ ಉಳಿಯುವುದು 200 ಜನ. ಕಾಮಗಾರಿ ಮುಗಿದ ಮರುದಿನ ಆ 200 ಜನರೂ ಅಲ್ಲಿ ಇರುವುದಿಲ್ಲ, ಗುತ್ತಿಗೆದಾರ ಅವರನ್ನು ಮುಂದಿನ ಕೆಲಸಕ್ಕೆ ಕರೆದುಕೊಂಡು ಹೋಗಿರುತ್ತಾನೆ. ಅದೇ ಹಣದಲ್ಲಿ ಊರಿನ ಹಳೇ ಶಾಲೆಗಳ ಸೂರು ರಿಪೇರಿ ಮಾಡಿಸಿದ್ದರೂ ಅಷ್ಟೇ ಮಾನವ ದಿನ ಆಗುತ್ತಿತ್ತು. ಖರ್ಚಿನ ಬಾಬತ್ತನ್ನೇ ಲಾಭದ ಬಾಬತ್ತಿನಲ್ಲಿ ಇನ್ನೊಮ್ಮೆ ಬರೆದಿರುತ್ತಾರೆ, ಅಷ್ಟೆ.

ಇದು ಸಣ್ಣ ತಪ್ಪು. ದೊಡ್ಡದು ನಕ್ಷೆಯ ಮೇಲಿನ ಗೆರೆಯಲ್ಲಿದೆ.

ಪ್ರತಿ ಯೋಜನೆಗೂ ನಕ್ಷೆಯಲ್ಲಿ ಒಂದು ಗೆರೆ ಎಳೆಯುತ್ತೀರಿ. ಗೆರೆಯ ಒಳಗೆ ಏನಾಯಿತು ಎಂಬುದೆಲ್ಲ ವರದಿಗೆ ಬರುತ್ತದೆ. ಗೆರೆಯ ಆ ಬದಿಯಲ್ಲಿ ಬಾಗಿಲು ಹಾಕಿದ ಅಂಗಡಿ ಈ ಬದಿಯಲ್ಲಿ ಬಾಗಿಲು ತೆರೆದರೆ, ತೆರೆದದ್ದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಬ್ರಿಟನ್ನಿನಲ್ಲಿ 1981ರಿಂದ ಸೊರಗಿದ ಪ್ರದೇಶಗಳಿಗೆ ಗೆರೆ ಎಳೆದು, ಒಳಗೆ ಬಂದವರಿಗೆ ತೆರಿಗೆ ವಿನಾಯಿತಿ ಕೊಟ್ಟರು. ಉದ್ದಿಮೆಗಳು ಬಂದವು. ಆಮೇಲೆ ಪರಿಶೀಲಿಸಿದಾಗ ಬಂದವುಗಳಲ್ಲಿ ದೊಡ್ಡ ಪಾಲು ಅಕ್ಕಪಕ್ಕದ ಪ್ರದೇಶಗಳಿಂದಲೇ ಎದ್ದು ಬಂದವು ಎಂದು ಗೊತ್ತಾಯಿತು. ಕ್ರೀಡಾಂಗಣಗಳ ಕಥೆಯೂ ಹೀಗೇ. ಒಂದು ಕುಟುಂಬ ಸಂಜೆಯ ಖರ್ಚಿಗೆ ಇಟ್ಟುಕೊಂಡ ಹಣ ಇಷ್ಟೇ ಎಂದು ಇರುತ್ತದೆ. ಅದನ್ನು ಪಂದ್ಯದ ಟಿಕೆಟ್ಟಿಗೆ ಕೊಟ್ಟರೆ ಇನ್ನೊಂದು ಬೀದಿಯ ಚಿತ್ರಮಂದಿರಕ್ಕೆ ಕೊಡಲಾಗುವುದಿಲ್ಲ. ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಆಟ ನೋಡಿದ ಮಕ್ಕಳಿಗೆ ಅಷ್ಟರಲ್ಲಿ ತಲೆ ನರೆತಿತ್ತು.

ಈ ಗೆರೆಯ ಮೇಲೆಯೇ ಹಣಕಾಸಿನ ಒಂದು ಇಡೀ ಪದ್ಧತಿ ಕಟ್ಟಿದ್ದು ಕ್ಯಾಲಿಫೋರ್ನಿಯಾ. ನಿಮ್ಮಲ್ಲಿ ಹಲವರಿಗೆ ಸಲಹೆಗಾರರು ಇವತ್ತು ಹೊಸದೆಂಬಂತೆ ಒಪ್ಪಿಸುತ್ತಿರುವ ಪದ್ಧತಿಯೂ ಅದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೆರೆ ಎಳೆದ ದಿನ ಒಳಗಿನ ಆಸ್ತಿಗಳಿಂದ 100 ರೂಪಾಯಿ ತೆರಿಗೆ ಬರುತ್ತಿದೆ ಎಂದುಕೊಳ್ಳಿ. ಆ ನೂರು ಮೊದಲಿನಂತೆ ಶಾಲೆಗೆ, ಆಸ್ಪತ್ರೆಗೆ, ಅಗ್ನಿಶಾಮಕ ದಳಕ್ಕೆ ಹೋಗುತ್ತದೆ. ಮುಂದೆ ಏರುವುದೆಲ್ಲ ನವೀಕರಣ ಸಂಸ್ಥೆಗೆ. ಹತ್ತು ವರ್ಷಕ್ಕೆ ತೆರಿಗೆ 150 ಆದರೆ ಸಂಸ್ಥೆಗೆ 50 ಸಿಗುತ್ತದೆ, ಅದನ್ನು ತೋರಿಸಿ ಮೊದಲೇ ಸಾಲ ಎತ್ತಬಹುದು. ಕೇಳಲು ಚೆನ್ನಾಗಿದೆ, ಯೋಜನೆ ತನ್ನ ಖರ್ಚನ್ನು ತಾನೇ ದುಡಿದುಕೊಂಡಂತೆ ಕಾಣುತ್ತದೆ. ಆದರೆ ಬೆಲೆಗಳು ತಮ್ಮ ಪಾಡಿಗೆ ಏರಿ, ಯೋಜನೆ ಇಲ್ಲದಿದ್ದರೂ ಆ ತೆರಿಗೆ 130 ಆಗುವುದಿತ್ತು ಎನ್ನಿ. ಆಗ ಯೋಜನೆ ದುಡಿದದ್ದು 20 ಮಾತ್ರ. ಉಳಿದ 30 ಶಾಲೆಗೂ ಆಸ್ಪತ್ರೆಗೂ ಸೇರಬೇಕಾಗಿದ್ದ ಹಣ. 1952ರಿಂದ ನಡೆದುಬಂದ ಈ ಪದ್ಧತಿಯಲ್ಲಿ ಕೊನೆಕೊನೆಗೆ ಇಡೀ ರಾಜ್ಯದ ಆಸ್ತಿ ತೆರಿಗೆಯ ಶೇ. 12ರಷ್ಟು ಇಂಥ ಸಂಸ್ಥೆಗಳ ಪಾಲಾಗುತ್ತಿತ್ತು. ಶಾಲೆಗಳಿಗೆ ಬಿದ್ದ ಕೊರತೆಯನ್ನು ರಾಜ್ಯ ಬೇರೆ ಬೊಕ್ಕಸದಿಂದ ತುಂಬಿಕೊಡಬೇಕಾಗಿತ್ತು. ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ, 2012ರಲ್ಲಿ, ಸುಮಾರು 400 ನವೀಕರಣ ಸಂಸ್ಥೆಗಳನ್ನು ಒಟ್ಟಿಗೇ ಮುಚ್ಚಿಬಿಟ್ಟರು. ಅರುವತ್ತು ವರ್ಷ ಆ ಸಂಸ್ಥೆಗಳು ತಮ್ಮ ಯಶಸ್ಸಿನ ವರದಿಗಳನ್ನು ಪ್ರಕಟಿಸುತ್ತಲೇ ಇದ್ದವು. ಬೆಲೆ ಏರಿದ್ದೇ ಅವುಗಳಿಗೆ ಯಶಸ್ಸಿನ ಪುರಾವೆಯಾಗಿತ್ತು.

ಹಾಗಾದರೆ ಬೆಲೆ ಏರುವುದು ತಪ್ಪೇ? ಇದಕ್ಕೆ ಉತ್ತರ ಹೇಳಲು ದಕ್ಷಿಣ ಕೊರಿಯಾದ ಸೋಲ್ ನಗರಕ್ಕೆ ಹೋಗಬೇಕು.

ಸೋಲ್‌ನ ಚಂಗ್ಯೆಚಾನ್ ಹೊಳೆಯನ್ನು ಕಾಂಕ್ರೀಟಿನಿಂದ ಮುಚ್ಚಿ, ಅದರ ಮೇಲೆ ಮೇಲ್ಸೇತುವೆ ರಸ್ತೆ ಕಟ್ಟಿದ್ದರು. 2002ರಲ್ಲಿ ಮೇಯರ್ ಆದ ಲೀ ಮ್ಯುಂಗ್‌ಬಾಕ್ ಆ ರಸ್ತೆಯನ್ನು ಒಡೆದು ಹೊಳೆಯನ್ನು ಮತ್ತೆ ಬೆಳಕಿಗೆ ತರುವ ಮಾತು ಕೊಟ್ಟಿದ್ದರು. 2003ರ ಜುಲೈಯಲ್ಲಿ ಕೆಲಸ ಶುರುವಾಯಿತು, 2005ರ ಅಕ್ಟೋಬರಿನಲ್ಲಿ 5.8 ಕಿಲೋಮೀಟರ್ ಉದ್ದದ ಹೊಳೆ ಜನಕ್ಕೆ ತೆರೆಯಿತು. ಜಗತ್ತಿನ ನಗರ ಯೋಜಕರೆಲ್ಲ ಉದಾಹರಿಸುವ ಯೋಜನೆ ಇದು, ಉದಾಹರಿಸುವುದರಲ್ಲಿ ತಪ್ಪೂ ಇಲ್ಲ. ಬೇಸಿಗೆಯಲ್ಲಿ ಹೊಳೆಬದಿಯ ಗಾಳಿ ಪಕ್ಕದ ರಸ್ತೆಗಿಂತ ಹಲವು ಡಿಗ್ರಿ ತಂಪು. ಮೀನು ಬಂದವು, ಹಕ್ಕಿ ಬಂದವು, ಲಕ್ಷಾಂತರ ಜನ ನಡೆದಾಡಿದರು. ಇಕ್ಕೆಲದ ಜಮೀನಿನ ಬೆಲೆ ಜಿಗಿಯಿತು. (ಆ ಹೊಳೆ ತಾನಾಗಿ ಹರಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ದಿನಕ್ಕೆ ಸುಮಾರು 1,20,000 ಟನ್ ನೀರನ್ನು, ಹೆಚ್ಚಿನ ಪಾಲು ಹಾನ್ ನದಿಯಿಂದ, ಪಂಪು ಹಚ್ಚಿ ಎತ್ತಿ ಬಿಡಬೇಕು. ಉದ್ಘಾಟನೆಯ ಖರ್ಚು ಒಂದು ದಿನದ್ದು, ಕರೆಂಟ್ ಬಿಲ್ಲು ಪ್ರತಿ ತಿಂಗಳದ್ದು.)

ಆ ಮೇಲ್ಸೇತುವೆಯ ಅಕ್ಕಪಕ್ಕ ಸಾವಿರಾರು ಸಣ್ಣ ಮಳಿಗೆಗಳಿದ್ದವು. ಬೇರಿಂಗು, ಮೋಟಾರು, ಪೈಪು, ವಿದ್ಯುತ್ ಬಿಡಿಭಾಗ, ಅಚ್ಚು ಹಾಕುವವರು, ಲೇತ್ ಯಂತ್ರದವರು. ಅಲ್ಲಿನ ಸೆವೂನ್ ಮಳಿಗೆ ಸಂಕೀರ್ಣದ ಸುತ್ತ ಒಂದು ಸುತ್ತು ಹಾಕಿ ಬಂದರೆ ಜಲಾಂತರ್ಗಾಮಿಯನ್ನೇ ಕಟ್ಟಬಹುದು ಎಂಬ ಮಾತು ಸೋಲ್‌ನಲ್ಲಿ ಚಾಲ್ತಿಯಲ್ಲಿತ್ತು. ಆ ಮಾತಿನಲ್ಲಿ ದೊಡ್ಡ ಅರ್ಥಶಾಸ್ತ್ರವೇ ಇದೆ. ಕೆಟ್ಟ ಯಂತ್ರ ಹಿಡಿದು ಬಂದ ಗಿರಾಕಿಗೆ ಒಬ್ಬರು ಶಾಫ್ಟ್ ಕಡೆದುಕೊಡುತ್ತಾರೆ, ಎರಡನೇ ಬಾಗಿಲಲ್ಲಿ ಬೇರಿಂಗ್ ಸಿಗುತ್ತದೆ, ಮೂರನೆಯವರು ಬೆಸುಗೆ ಹಾಕುತ್ತಾರೆ. ಯಾರ ಬಳಿಯೂ ಎಲ್ಲ ಇಲ್ಲ, ಬೀದಿಯಲ್ಲಿ ಮಾತ್ರ ಎಲ್ಲ ಇದೆ. ಇಲ್ಲಿ ಬಂಡವಾಳ ಎಂದರೆ ಆ ಒತ್ತೊತ್ತಾದ ನೆರೆಹೊರೆ. ಯಾವ ಆಸ್ತಿ ಪತ್ರದಲ್ಲೂ ಅದು ನಮೂದಾಗಿರುವುದಿಲ್ಲ, ಆದ್ದರಿಂದ ಯಾವ ಪರಿಹಾರದ ಲೆಕ್ಕದಲ್ಲೂ ಬರುವುದಿಲ್ಲ. ಎತ್ತಂಗಡಿಯಾಗುವ ವ್ಯಾಪಾರಿಗಳಿಗೆಂದು ನಗರದ ಆಗ್ನೇಯ ಅಂಚಿನಲ್ಲಿ ‘ಗಾರ್ಡನ್ ಫೈವ್’ ಎಂಬ ಭಾರೀ ಮಳಿಗೆ ಸಮುಚ್ಚಯ ಕಟ್ಟಿದರು. 2010ರಲ್ಲಿ ಅದು ತೆರೆಯಿತು. ಬೆಲೆ ಕೈಗೆಟುಕಲಿಲ್ಲ, ಗಿರಾಕಿಗಳು ಅಷ್ಟು ದೂರ ಬರಲಿಲ್ಲ. ಬಹುತೇಕರು ಹೋಗಲೇ ಇಲ್ಲ, ಮಳಿಗೆಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು.

ಬೀದಿಬದಿ ವ್ಯಾಪಾರಿಗಳ ಪಾಡು ಇನ್ನೂ ಒಂದು ಕೈ ಮಿಗಿಲು. ಹೊಳೆಗಾಗಿ ಅವರನ್ನು ಎಬ್ಬಿಸಿ ಹತ್ತಿರದ ದೊಂಗ್‌ದೇಮುನ್ ಕ್ರೀಡಾಂಗಣದೊಳಗೆ ಕೂರಿಸಿದರು. ಆಟದ ಮೈದಾನ ಸಂತೆಯಾಯಿತು. ಜನಕ್ಕೆ ಆ ಜಾಗ ಗೊತ್ತಾಗಿ ವ್ಯಾಪಾರ ಕುದುರುವ ಹೊತ್ತಿಗೆ ಇನ್ನೊಂದು ನವೀಕರಣ ಯೋಜನೆ ಬಂತು. ಕ್ರೀಡಾಂಗಣ ಒಡೆದು, ಆ ಜಾಗದಲ್ಲಿ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸದ ಕಟ್ಟಡ ಎದ್ದು 2014ರಲ್ಲಿ ತೆರೆಯಿತು. ಅದೇ ಜನರನ್ನು ಮತ್ತೆ ಎಬ್ಬಿಸಿದರು. ಎರಡೂ ಯೋಜನೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಎರಡೂ ಗೆದ್ದಂತೆ ಕಾಣುತ್ತವೆ. ಎರಡು ಸಲ ಗಂಟುಮೂಟೆ ಕಟ್ಟಿದವರ ಲೆಕ್ಕ ಎರಡರ ಲಾಭದ ಪಟ್ಟಿಯಲ್ಲೂ ಬರುವುದಿಲ್ಲ.

ಈಗ ಉತ್ತರ ಹೇಳುತ್ತೇನೆ. ಬೆಲೆ ಏರುವುದು ತಪ್ಪಲ್ಲ. ಆದರೆ ಜಮೀನಿನ ಬೆಲೆ ಏರಿತು ಎಂದರೆ ಜಮೀನು ಇರುವವರಿಗೆ ಬಂತು, ಇಲ್ಲದವರ ಮೇಲೆ ಬಿತ್ತು ಎಂದರ್ಥ. ಬಾಡಿಗೆ ಮಳಿಗೆಯವನಿಗೆ ಅದು ಮುಂದಿನ ಕರಾರಿನಲ್ಲಿ ಹೆಚ್ಚಾದ ಮೊತ್ತವಾಗಿ ಬರುತ್ತದೆ. ಯೋಜನೆಗೆ ತೆರಿಗೆ ಕಟ್ಟಿದವರಲ್ಲಿ ಅವನೂ ಒಬ್ಬ. ತನ್ನನ್ನು ಎಬ್ಬಿಸುವ ಬೆಲೆಯೇರಿಕೆಗೆ ತಾನೇ ಕಂತು ಕಟ್ಟಿರುತ್ತಾನೆ. ನಿಮ್ಮ ಕೋಷ್ಟಕ ಇದನ್ನು ‘ಪ್ರದೇಶದ ಒಟ್ಟು ಆಸ್ತಿ ಮೌಲ್ಯದಲ್ಲಿ ಹೆಚ್ಚಳ’ ಎಂದು ಒಂದೇ ಸಾಲಿನಲ್ಲಿ ಲಾಭದ ಕಡೆ ಬರೆದು ಮುಗಿಸುತ್ತದೆ.

ನ್ಯೂಯಾರ್ಕಿನ ಹೈಲೈನ್ ನೋಡಿ. ಗೂಡ್ಸ್ ರೈಲಿನ ಹಳೇ ಎತ್ತರದ ಹಳಿಯನ್ನು ಉದ್ಯಾನ ಮಾಡಿ 2009ರಲ್ಲಿ ತೆರೆದರು. 2005ರಲ್ಲೇ ಸುತ್ತಲಿನ ವಲಯ ನಿಯಮ ಬದಲಿಸಿ ಎತ್ತರದ ಕಟ್ಟಡಗಳಿಗೆ ಅನುಮತಿ ಕೊಟ್ಟಾಗಿತ್ತು. ದುಬಾರಿ ಮನೆಗಳು ಸಾಲುಗಟ್ಟಿ ಎದ್ದವು. ಆ ಉದ್ಯಾನದ ಸ್ಥಾಪಕರಲ್ಲಿ ಒಬ್ಬರಾದ ರಾಬರ್ಟ್ ಹ್ಯಾಮಂಡ್ 2017ರಲ್ಲಿ, ಸುತ್ತಲಿನ ನೆರೆಹೊರೆಗಾಗಿ ಇದನ್ನು ಮಾಡಹೊರಟೆವು, ಅದರಲ್ಲಿ ಸೋತೆವು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅಧಿಕಾರದಲ್ಲಿರುವವರಿಂದ ಇಂಥ ಮಾತು ಕೇಳಿದ ನೆನಪು ನನಗಿಲ್ಲ. ಅದಕ್ಕಾಗಿ ಅವರನ್ನು ನಾನು ಗೌರವಿಸುತ್ತೇನೆ.

ಎಬ್ಬಿಸಿಯೂ ಏನೂ ಬಾರದೆ ಹೋದದ್ದಕ್ಕೆ ಅಮೆರಿಕದ ನ್ಯೂ ಲಂಡನ್ ಪಟ್ಟಣ ಸಾಕ್ಷಿ. ಫೈಜರ್ ಕಂಪನಿಯ ಸಂಶೋಧನಾ ಕೇಂದ್ರ ಬರುತ್ತದೆ, ಪಕ್ಕದ ಬಡಾವಣೆಯನ್ನು ಹೊಸದಾಗಿ ಕಟ್ಟಿದರೆ ಸಾವಿರಕ್ಕೂ ಹೆಚ್ಚು ಉದ್ಯೋಗ ಹುಟ್ಟುತ್ತವೆ ಎಂದು ಮನೆಗಳನ್ನು ಭೂಸ್ವಾಧೀನಕ್ಕೆ ತಂದರು. ಸುಸೆಟ್ ಕೀಲೋ ಮತ್ತು ನೆರೆಯವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2005ರಲ್ಲಿ ಐದು ನ್ಯಾಯಮೂರ್ತಿಗಳು ಪಟ್ಟಣದ ಪರ, ನಾಲ್ವರು ಮನೆಯವರ ಪರ. ಆರ್ಥಿಕ ಅಭಿವೃದ್ಧಿಯೂ ಸಾರ್ವಜನಿಕ ಉದ್ದೇಶವೇ ಎಂದು ತೀರ್ಪಾಯಿತು. ಮನೆಗಳು ಹೋದವು. 2009ರಲ್ಲಿ ಫೈಜರ್ ಅಲ್ಲಿಂದ ಹೊರಡುವುದಾಗಿ ಘೋಷಿಸಿತು. ಆ ನೆಲದಲ್ಲಿ ವರ್ಷಗಟ್ಟಲೆ ಹುಲ್ಲು ಬೆಳೆಯಿತು. ‘ಸಾವಿರಕ್ಕೂ ಹೆಚ್ಚು’ ಎಂಬ ಸಂಖ್ಯೆ ನ್ಯಾಯಾಲಯದ ಕಡತದಲ್ಲಿ ಇನ್ನೂ ಹಾಗೇ ಇದೆ.

ಇನ್ನು ನೀವೆಲ್ಲ ಅಧ್ಯಯನ ಪ್ರವಾಸ ಹೋಗಿ ಬರುವ ಸ್ಪೇನಿನ ಬಿಲ್ಬಾವೋ. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸದ ಗುಗ್ಗನ್‌ಹೈಮ್ ವಸ್ತುಸಂಗ್ರಹಾಲಯ 1997ರಲ್ಲಿ ತೆರೆಯಿತು, ಊರಿನ ಹಣೆಬರಹ ಬದಲಾಯಿತು ಎಂದು ಹೇಳುತ್ತಾರೆ. ಫೋಟೋದಲ್ಲಿ ಕಾಣುವುದು ಕಟ್ಟಡ ಮಾತ್ರ. ಅದಕ್ಕೂ ಮೊದಲು, ಎಂಬತ್ತರ ದಶಕದಿಂದಲೇ, ಕೊಳಚೆ ತುಂಬಿದ ನದಿಗೆ ಒಳಚರಂಡಿ ಜಾಲ ಹಾಕುವ ಕೆಲಸ ನಡೆದಿತ್ತು. 1995ರಲ್ಲಿ ಮೆಟ್ರೋ ಬಂದಿತ್ತು. ಬಂದರನ್ನು ಸಮುದ್ರದ ಕಡೆ ಸರಿಸುತ್ತಿದ್ದರು. 1992ರಲ್ಲಿ ‘ಬಿಲ್ಬಾವೋ ರಿಯಾ 2000’ ಎಂಬ ಸಾರ್ವಜನಿಕ ಕಂಪನಿ ಹುಟ್ಟಿತು, ಅರ್ಧ ಪಾಲು ಸ್ಪೇನ್ ಸರ್ಕಾರದ್ದು, ಅರ್ಧ ಆ ಊರಿರುವ ಬಾಸ್ಕ್ ಪ್ರಾಂತ್ಯದ ಸಂಸ್ಥೆಗಳದ್ದು. ರೈಲ್ವೆ, ಬಂದರು ಮುಂತಾದ ಸರ್ಕಾರಿ ಒಡೆತನದ ಜಾಗಗಳನ್ನು ಅದು ಒಟ್ಟು ಮಾಡಿ, ಸ್ವಚ್ಛ ಮಾಡಿ, ಬೆಲೆ ಏರಿದ ಮೇಲೆ ಮಾರಿ, ಬಂದ ಹಣವನ್ನು ಊರಿನ ಬೇರೆ ಬಡಾವಣೆಗಳ ಕೆಲಸಕ್ಕೆ ಹಾಕಿತು. ಅಂದರೆ ಬೆಲೆಯೇರಿಕೆ ಸಾರ್ವಜನಿಕರ ಕೈಗೇ ಬಂತು. ಮಿರುಗುವ ಕಟ್ಟಡವನ್ನು ನಕಲು ಮಾಡಿದ ಊರುಗಳು ಬೇಕಾದಷ್ಟಿವೆ. ಆ ಕಂಪನಿಯ ಲೆಕ್ಕಪುಸ್ತಕವನ್ನು ನಕಲು ಮಾಡಿದವರು ಎಷ್ಟು ಮಂದಿ?

ಬಡವರ ಕಡೆಗೇ ಹಣ ಹರಿಸಿದ ಊರೂ ಇದೆ. ಕೊಲಂಬಿಯಾದ ಮೆಡೆಯಿನ್ 2004ರಲ್ಲಿ ಗುಡ್ಡದ ಮೇಲಿನ ಬಡವರ ವಸತಿಗಳಿಗೆ ಕೇಬಲ್ ಕಾರ್ ಹಾಕಿ ಮೆಟ್ರೋಗೆ ಜೋಡಿಸಿತು, ಜೊತೆಗೆ ಗ್ರಂಥಾಲಯ, ಶಾಲೆ, ಮೆಟ್ಟಿಲು, ಬೀದಿದೀಪ. ಹಣದ ದೊಡ್ಡ ಮೂಲ ನಗರದ್ದೇ ಒಡೆತನದ ವಿದ್ಯುತ್, ನೀರು ಕಂಪನಿಯ ಲಾಭ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೇಬಲ್ ಕಾರ್ ಬಂದ ನೆರೆಹೊರೆಗಳನ್ನು, ಬಾರದ ಅಂಥವೇ ನೆರೆಹೊರೆಗಳ ಪಕ್ಕದಲ್ಲಿಟ್ಟು ನೋಡಿತು. ಎರಡೂ ಕಡೆ ಕೊಲೆಗಳು ಇಳಿದಿದ್ದವು. ಆದರೆ ಯೋಜನೆ ಬಂದ ಕಡೆ ಇಳಿಕೆ ಶೇ. 66ರಷ್ಟು ಹೆಚ್ಚು. ನನ್ನ ಕಣ್ಣಿಗೆ ಆ ಅಂಕಿಗಿಂತ ದೊಡ್ಡದಾಗಿ ಕಂಡದ್ದು ಲೆಕ್ಕ ಹಾಕಿದ ರೀತಿ. ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಂದಾಜಿಗೆ ಬಿಡದೆ, ಯೋಜನೆ ಇಲ್ಲದ ಕಡೆ ಹೋಗಿ ನೋಡಿದರು. ಕ್ಯಾಲಿಫೋರ್ನಿಯಾದ 130 ರೂಪಾಯಿಯ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಇದೇ.

ಕೊಲಂಬಿಯಾದಲ್ಲೇ 1997ರ ಕಾನೂನು 388 ಎಂಬುದಿದೆ. ಸರ್ಕಾರದ ನಿರ್ಧಾರದಿಂದ ಜಮೀನಿನ ಬೆಲೆ ಏರಿದರೆ ಆ ಏರಿಕೆಯ ಶೇ. 30ರಿಂದ 50ರಷ್ಟನ್ನು ನಗರ ವಾಪಸು ಪಡೆಯಬಹುದು. ಜಾರಿ ಸಲೀಸಲ್ಲ. ಬೆಲೆ ಎಷ್ಟಿತ್ತು, ಎಷ್ಟಾಯಿತು ಎಂಬ ತಕರಾರು ಇದ್ದೇ ಇರುತ್ತದೆ, ಜಮೀನುದಾರರು ಕೋರ್ಟಿಗೂ ಹೋಗುತ್ತಾರೆ. ಹಾಗಿದ್ದರೂ ಜನರ ದುಡ್ಡಿನಿಂದ ಹುಟ್ಟಿದ ಬೆಲೆಯಲ್ಲಿ ಜನರಿಗೂ ಪಾಲಿದೆ ಎಂದು ಕಾನೂನಿನಲ್ಲಿ ಬರೆದಿಟ್ಟಿದ್ದಾರೆ. ನಿಮ್ಮ ಯೋಜನಾ ವರದಿಯಲ್ಲಿ ಆ ಒಂದು ವಾಕ್ಯ ಇದೆಯೇ ನೋಡಿಕೊಳ್ಳಿ.

ನಾನು ಕೇಳುವುದು ಒಂದೇ. ಗೆರೆ ಎಳೆಯುವ ದಿನ ಗೆರೆಯ ಒಳಗಿರುವವರ ಪಟ್ಟಿ ಮಾಡಿ. ಆಸ್ತಿ ದಾಖಲೆ ನೋಡಿ ಮಾಡುವ ಪಟ್ಟಿ ಸಾಲದು, ಅದರಲ್ಲಿ ಮಾಲೀಕರ ಹೆಸರು ಮಾತ್ರ ಸಿಗುತ್ತದೆ. ಬಾಗಿಲು ಬಾಗಿಲಿಗೆ ಹೋಗಿ. ಬಾಡಿಗೆ ಮನೆಯವರು, ಬಾಡಿಗೆ ಮಳಿಗೆಯವರು, ಮಳಿಗೆಯ ಕೆಲಸದವರು, ಮೆಟ್ಟಿಲ ಕೆಳಗೆ ಕೂತು ಬೀಗ ರಿಪೇರಿ ಮಾಡುವವರು. ಎಷ್ಟು ಬಾಡಿಗೆ, ಎಷ್ಟು ದುಡಿಮೆ, ಎಷ್ಟು ವರ್ಷದಿಂದ, ಗಿರಾಕಿಗಳು ಎಲ್ಲಿಂದ ಬರುತ್ತಾರೆ, ಬರೆದುಕೊಳ್ಳಿ. ಇಂಥದೇ ಇನ್ನೊಂದು ಬಡಾವಣೆಯಲ್ಲಿ, ಯೋಜನೆ ಬಾರದ ಕಡೆ, ಅದೇ ಪ್ರಶ್ನೆ ಕೇಳಿ ಇನ್ನೊಂದು ಪಟ್ಟಿ ಮಾಡಿ. ಕಾಮಗಾರಿ ಮುಗಿದ ಮೂರನೇ ವರ್ಷ, ಮತ್ತೆ ಹತ್ತನೇ ವರ್ಷ, ಅದೇ ಜನರನ್ನು ಹುಡುಕಿ ಅದೇ ಪ್ರಶ್ನೆ ಕೇಳಿ. ಊರು ಬಿಟ್ಟು ಹೋದವರನ್ನೂ ಹುಡುಕಿ, ಅವರ ಉತ್ತರವೇ ಮುಖ್ಯ. ಹೆಸರು ಗುಟ್ಟಾಗಿಟ್ಟು, ಅಂಕಿಗಳನ್ನು ಪ್ರಕಟಿಸಿ. ಪಂಪಿನ ಬಿಲ್ಲು, ದೀಪದ ಬಿಲ್ಲು, ಸಾಲದ ಬಡ್ಡಿ ಆ ಪುಟದಲ್ಲೇ ಇರಲಿ.

ಇದಕ್ಕೆ ದುಡ್ಡೆಲ್ಲಿ ಎಂದು ಕೇಳುತ್ತೀರಿ. ಗಾಳಿಪಟದ ಮಗುವಿನ ಚಿತ್ರ ಬಿಡಿಸಲು ಸಲಹೆಗಾರರಿಗೆ ಕೊಟ್ಟ ಹಣದಲ್ಲಿ ಒಂದು ಪಾಲು ಸಾಕು. ಹತ್ತು ವರ್ಷ ನಾವೇ ಅಧಿಕಾರದಲ್ಲಿ ಇರುತ್ತೇವೆಯೇ ಎಂದೂ ಕೇಳುತ್ತೀರಿ. ಇರುವುದಿಲ್ಲ. ಅದಕ್ಕೇ ಈ ಷರತ್ತನ್ನು ಮಂಜೂರಾತಿ ಠರಾವಿನಲ್ಲೇ ಬರೆಯಿಸಬೇಕು, ಕೊನೆಯ ಕಂತಿನ ಹಣವನ್ನು ಅದಕ್ಕೆ ಕಟ್ಟಿಹಾಕಬೇಕು. ಯೋಜನೆ ತಡವಾಗುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಬಾಗಿಲು ಬಾಗಿಲಿಗೆ ಹೋಗಲು ಕೆಲವು ತಿಂಗಳು ಹಿಡಿಯಬಹುದು. ನ್ಯೂ ಲಂಡನ್ನಿನಲ್ಲಿ ಆ ನೆಲ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಖಾಲಿ ಬಿದ್ದಿತ್ತು.

ನಿಮ್ಮ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ನವೀಕರಣದ ಕಡತವೊಂದು ಬಂದರೆ ಚಿತ್ರಗಳ ಪುಟ ತಿರುವಿ ಹಾಕಿ, ಹಿಂದಿನ ಪುಟಕ್ಕೆ ಬನ್ನಿ. ಪಟ್ಟಿ ಎಲ್ಲಿದೆ ಎಂದು ಕೇಳಿ. ಇಲ್ಲವೆಂದರೆ ಪಟ್ಟಿ ತಂದ ಮೇಲೆ ಚರ್ಚಿಸೋಣ ಎಂದು ಷರಾ ಬರೆದು ಕಡತ ವಾಪಸು ಕಳಿಸಿ.

ಇಂತಿ,
ತೆರಿಗೆ ಕಟ್ಟುವ, ಬಾಡಿಗೆಗಿರುವ ಒಬ್ಬ ನಾಗರಿಕ